ಅರ್ಬುದ ಚಿಕಿತ್ಸೆಯ ನಂತರದ ಬಾಳು ಮತ್ತು ಸರಕಾರದ ನೆರವು

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಮಾತು ನಮ್ಮಲ್ಲಿ ರೂಢವಾಗಿದೆ. ಆದರೆ ದಾಟಿದ ಮೇಲೂ ಅಂಬಿಗನ ಅಗತ್ಯ ತೀರದ ಹೊಳೆಯೊಂದಿದೆ. ಅದು ಅರ್ಬುದ ರೋಗ. ಜನರ ಬಾಯಲ್ಲಿ ಕ್ಯಾನ್ಸರ್. ಹಿಂದೆ ಈ ಹೆಸರನ್ನು ಕೇಳಿದೊಡನೆ ಮನೆಯವರು ಆಶೆಯನ್ನೇ ಬಿಡುತ್ತಿದ್ದರು. ಇಂದು ಶಸ್ತ್ರಕ್ರಿಯೆ, ಕಿರಣ ಚಿಕಿತ್ಸೆ ಮತ್ತು ಔಷಧಗಳ ಬಲದಿಂದ ಅನೇಕರು ಗುಣಹೊಂದಿ ಮನೆಗೆ ಮರಳುತ್ತಿದ್ದಾರೆ. ಮರಳಿದವರಿಗೆ ಮೂರು ಚಿಂತೆಗಳು ಉಳಿಯುತ್ತವೆ: ರೋಗ ಮತ್ತೆ ಬಾರದಂತೆ ನೋಡಿಕೊಳ್ಳುವುದು, ದೇಹಕ್ಕಾದ ನಷ್ಟವನ್ನು ತುಂಬಿಕೊಳ್ಳುವುದು, ಜೀವನೋಪಾಯವನ್ನು ಉಳಿಸಿಕೊಳ್ಳುವುದು. ಈ ಮೂರರಲ್ಲಿಯೂ ಸರಕಾರವು ಎಷ್ಟರಮಟ್ಟಿಗೆ ಕೈಹಿಡಿಯುತ್ತದೆಂಬುದನ್ನು ಇಲ್ಲಿ ವಿಚಾರಿಸೋಣ.

ಮುಂಬಯಿಯಲ್ಲಿರುವ ನಮಗೆ ಈ ವಿಷಯ ದೂರದ್ದಲ್ಲ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಕರ್ನಾಟಕದಿಂದಲೂ ರೋಗಿಗಳು ಬರುತ್ತಾರೆ. ಬಂದವರು ಇಲ್ಲಿರುವ ನೆಂಟರಿಷ್ಟರ ಮನೆಯಲ್ಲಿ ಇಳಿದುಕೊಳ್ಳುವುದುಂಟು. 1941ರಲ್ಲಿ ಸರ್ ದೊರಾಬ್ಜಿ ಟಾಟಾ ಟ್ರಸ್ಟಿನವರು ತೆರೆದ ಈ ಆಸ್ಪತ್ರೆಯನ್ನು 1957ರಲ್ಲಿ ಕೇಂದ್ರ ಸರಕಾರದ ಆರೋಗ್ಯ ಮಂತ್ರಾಲಯವು ವಹಿಸಿಕೊಂಡಿತು. 1962ರಲ್ಲಿ ಅದು ಅಣುಶಕ್ತಿ ಇಲಾಖೆಗೆ ಸೇರಿತು. ಚಿಕಿತ್ಸೆ ಪೂರೈಸಿದ ಮಕ್ಕಳಿಗಾಗಿಯೇ ಇಲ್ಲಿ 1991ರಿಂದ ಒಂದು ಪ್ರತ್ಯೇಕ ತಪಾಸಣಾ ವಿಭಾಗ ನಡೆಯುತ್ತಿದೆ. ಎಳೆಯ ದೇಹಕ್ಕೆ ಕೊಟ್ಟ ಪ್ರಬಲ ಔಷಧಗಳ ಪರಿಣಾಮವು ಹೃದಯದಲ್ಲಿಯೋ ಬೆಳವಣಿಗೆಯಲ್ಲಿಯೋ ವರ್ಷಗಳಾದ ಮೇಲೆ ಕಾಣಿಸಿಕೊಳ್ಳಬಹುದು. ಆದುದರಿಂದ ಗುಣವಾದ ಬಾಲಕನನ್ನೂ ವೈದ್ಯರು ಮತ್ತೆ ಮತ್ತೆ ಕರೆಸಿ ನೋಡಬೇಕಾಗುತ್ತದೆ.

ಹೀಗೆ ಮತ್ತೆ ಮತ್ತೆ ಬರುವುದು ಬಡವನಿಗೆ ಸುಲಭವೇ? ಇಲ್ಲಿ ನಮ್ಮ ರೈಲ್ವೆ ನೆರವಿಗೆ ಬರುತ್ತದೆ. ಕ್ಯಾನ್ಸರ್ ರೋಗಿಯು ಚಿಕಿತ್ಸೆಗಾಗಿ ಮಾತ್ರವಲ್ಲದೆ ನಿಯತಕಾಲಿಕ ತಪಾಸಣೆಗಾಗಿ ಪ್ರಯಾಣ ಮಾಡುವಾಗಲೂ ದರದಲ್ಲಿ ರಿಯಾಯಿತಿ ದೊರೆಯುತ್ತದೆ. ಸ್ಲೀಪರ್ ಡಬ್ಬಿಯಲ್ಲಿಯೂ ಮೂರು ಹಂತದ ಹವಾನಿಯಂತ್ರಿತ ಡಬ್ಬಿಯಲ್ಲಿಯೂ ರೋಗಿಗೆ ಪೂರ್ಣ ವಿನಾಯಿತಿ. ಜೊತೆಗೆ ಬರುವ ಒಬ್ಬ ಸಹಾಯಕನಿಗೆ ಶೇಕಡಾ 75ರಷ್ಟು ರಿಯಾಯಿತಿ. ಇದಕ್ಕೆ ಆಸ್ಪತ್ರೆಯ ವೈದ್ಯರು ನಿಗದಿಯಾದ ನಮೂನೆಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರವಿರಬೇಕು. ಚಿಕಿತ್ಸೆ ಮುಗಿಯಿತೆಂದು ಈ ಪತ್ರವನ್ನು ಕೇಳದೆ ಪೂರ್ಣ ದರವನ್ನು ತೆರುವವನು ತನ್ನ ಹಕ್ಕನ್ನೇ ಬಿಟ್ಟುಕೊಟ್ಟಂತೆ.

ಔಷಧದ ಮಾತು ಹೀಗಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯು ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆಯ ವೆಚ್ಚವನ್ನು ಭರಿಸುತ್ತದೆ. 2024ರಿಂದ 70 ವರ್ಷ ತುಂಬಿದವರೆಲ್ಲರಿಗೂ, ಆದಾಯವನ್ನು ಲೆಕ್ಕಿಸದೆ, ಅದು ಅನ್ವಯವಾಗಿದೆ. ಆದರೆ ಆಸ್ಪತ್ರೆಯಿಂದ ಬಿಡುಗಡೆಯಾದ ಬಳಿಕ ಅದು ಭರಿಸುವುದು 15 ದಿನಗಳ ವೆಚ್ಚವನ್ನು ಮಾತ್ರ. ಸ್ತನದ ಅರ್ಬುದದಿಂದ ಗುಣವಾದ ಕೆಲವು ತಾಯಂದಿರಾದರೋ ಟ್ಯಾಮಾಕ್ಸಿಫೆನ್ ಎಂಬ ಗುಳಿಗೆಯನ್ನು 5ರಿಂದ 10 ವರ್ಷಗಳ ಕಾಲ ದಿನವೂ ಸೇವಿಸಬೇಕು. ಈ ಗುಳಿಗೆಯು ರಾಷ್ಟ್ರೀಯ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿರುವುದರಿಂದ ಅದರ ಗರಿಷ್ಠ ಬೆಲೆಯನ್ನು ಸರಕಾರವೇ ಗೊತ್ತುಪಡಿಸಿದೆ. ಇಷ್ಟಾದರೂ, ಚಿಕಿತ್ಸೆಯ ಕಾಲದಲ್ಲಿ ಬಲವಾಗಿ ಹಿಡಿದ ಕೈ ಅನಂತರ ಸಡಿಲವಾಗುತ್ತದೆಂಬುದನ್ನು ನಾವು ಒಪ್ಪಲೇಬೇಕು.

ಇನ್ನು ದೇಹಕ್ಕಾದ ನಷ್ಟ. ಎಲುಬಿನ ಅರ್ಬುದದ ಒಂದು ಬಗೆಯು ಹೆಚ್ಚಾಗಿ ನಿಮ್ಮ ವಯಸ್ಸಿನ ಕಿಶೋರರನ್ನೇ ಹಿಡಿಯುತ್ತದೆ. ಕೆಲವೊಮ್ಮೆ ಕಾಲನ್ನೇ ತೆಗೆಯಬೇಕಾಗುತ್ತದೆ. ಗಂಟಲಿನ ಅರ್ಬುದದಲ್ಲಿ ಧ್ವನಿಪೆಟ್ಟಿಗೆಯನ್ನು ತೆಗೆದರೆ ಮಾತೇ ಹೋಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಧ್ವನಿಪೆಟ್ಟಿಗೆಯನ್ನು ಕಳೆದುಕೊಂಡವರನ್ನು ಸ್ಪಷ್ಟವಾಗಿಯೇ ಹೆಸರಿಸಿದೆ. ಅರ್ಬುದವೆಂಬ ರೋಗವು ಆ ಕಾಯಿದೆಯ 21 ವೈಕಲ್ಯಗಳ ಪಟ್ಟಿಯಲ್ಲಿಲ್ಲ. ಅದು ಉಳಿಸಿಹೋದ ಊನಕ್ಕೆ ಸ್ಥಾನವಿದೆ. ಊನವು ಶೇಕಡಾ 40ಕ್ಕೆ ಕಡಿಮೆಯಿಲ್ಲವೆಂದು ಸರಕಾರಿ ವೈದ್ಯರು ಪ್ರಮಾಣಿಸಿದರೆ, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು, ಸರಕಾರದ ಹಾಗೂ ಅದರ ನೆರವು ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ರಷ್ಟು ಸ್ಥಾನ, ಸರಕಾರಿ ನೌಕರಿಯಲ್ಲಿ ಶೇಕಡಾ 4ರಷ್ಟು ಮೀಸಲಾತಿ ಇವುಗಳಲ್ಲಿ ಪಾಲು ದೊರೆಯುತ್ತದೆ.

ಜೀವನೋಪಾಯದ ಪ್ರಶ್ನೆಯು ಇವೆಲ್ಲಕ್ಕಿಂತ ಕಠಿಣವಾದುದು. ಸೇವೆಯಲ್ಲಿರುವಾಗ ಊನಗೊಂಡ ಸರಕಾರಿ ನೌಕರನನ್ನು ತೆಗೆದುಹಾಕಕೂಡದು, ಅವನ ದರ್ಜೆಯನ್ನು ಇಳಿಸಕೂಡದು; ಹಳೆಯ ಕೆಲಸ ಆಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಕೆಲಸವನ್ನು ಕೊಡಬೇಕೆಂದು ಅದೇ ಕಾಯಿದೆ ವಿಧಿಸುತ್ತದೆ. ಖಾಸಗಿ ಕಾರಖಾನೆಯ ಕೆಲಸಗಾರನಿಗೆ ಈ ವಿಧಿಯ ಆಸರೆಯಿಲ್ಲ. ಮಹಾರಾಷ್ಟ್ರದಲ್ಲಿ ದುಡಿಯಲಾರದ ನಿರ್ಗತಿಕರಿಗೆ ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯಿಂದ ಮಾಸಾಶನ ದೊರೆಯುತ್ತದೆ. ಆದರೆ ಆದಾಯ ಮತ್ತು ವಾಸದ ಕಟ್ಟುಪಾಡುಗಳುಂಟು. ಫ್ರಾನ್ಸ್ ದೇಶವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ 2016ರಲ್ಲಿ ಮಾಡಿ 2022ರಲ್ಲಿ ವಿಸ್ತರಿಸಿದ ಶಾಸನದಂತೆ, ಚಿಕಿತ್ಸೆ ಮುಗಿದು 5 ವರ್ಷ ರೋಗವು ಮರುಕಳಿಸದಿದ್ದರೆ, ಮನೆಗಾಗಿ ಸಾಲ ಪಡೆಯುವವನು ವಿಮೆಯವರಿಗೆ ತನ್ನ ಹಳೆಯ ರೋಗವನ್ನು ಹೇಳಬೇಕಾಗಿಲ್ಲ. ರೋಗವನ್ನು ಮರೆಯಲು ಸಮಾಜಕ್ಕೆ ಕಾನೂನೇ ಆಜ್ಞೆ ಮಾಡಿದಂತಾಯಿತಲ್ಲವೇ? ನಮ್ಮಲ್ಲಿಯೂ ಅಂತಹ ವಿವೇಕ ಮೂಡಬೇಕೆಂಬುದು ನಮ್ಮ ಆಶಯ.

ವಿದ್ಯಾರ್ಥಿ ಮಿತ್ರರೇ, ಅತ್ತ ಮಗುವಿಗೆ ಹಾಲು ಎಂಬಂತೆ, ಈ ನೆರವುಗಳಲ್ಲಿ ಯಾವುದೂ ಕೇಳದೆ ಮನೆಬಾಗಿಲಿಗೆ ಬರುವುದಿಲ್ಲ. ಪತ್ರಗಳಾದರೋ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಮರಾಠಿಯಲ್ಲಿ. ನಾಡಿನಿಂದ ಬಂದ ಅಜ್ಜನಿಗೆ ಕನ್ನಡವೊಂದೇ ಗೊತ್ತು. ನಿಮಗೆ ನಾಲ್ಕೂ ಗೊತ್ತು. ಆಸ್ಪತ್ರೆಯ ಕಾಗದಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಡುವುದು, ಅರ್ಜಿಯನ್ನು ಓದಿ ಹೇಳುವುದು, ರಿಯಾಯಿತಿಯ ಪತ್ರವನ್ನು ಕೇಳಲು ನೆನಪಿಸುವುದು, ಇವೆಲ್ಲ ನಿಮ್ಮಿಂದ ಆಗುವ ಕೆಲಸಗಳು. ಅರ್ಬುದವು ಮುಟ್ಟಿದರೆ ಅಂಟುವ ರೋಗವಲ್ಲ. ಚಿಕಿತ್ಸೆ ಮುಗಿಸಿ ತರಗತಿಗೆ ಮರಳಿದ ಗೆಳೆಯನಿಗೆ ಬೆಂಚಿನಲ್ಲಿ ಎಂದಿನಂತೆ ಜಾಗ ಬಿಡಿರಿ. ಸರಕಾರವು ಕೊಡಲಾರದ ನೆರವು ಅದೊಂದೇ. ಅದನ್ನು ಕೊಡಬಲ್ಲವರು ನೀವು.