ಚಿಂಚಿಲ್ಲದೊಡನೆ ಬಾಳಬಲ್ಲ ಪ್ರಾಣಿಗಳಾವುವು?

ದಕ್ಷಿಣ ಅಮೆರಿಕದ ಪಶ್ಚಿಮ ತೀರದುದ್ದಕ್ಕೂ ಗೋಡೆಯಂತೆ ನಿಂತಿರುವ ಆಂಡೀಸ್ ಪರ್ವತಗಳಲ್ಲಿ ಚಿಂಚಿಲ್ಲವೆಂಬ ಪುಟ್ಟ ಪ್ರಾಣಿಯೊಂದುಂಟು. ಇಲಿ, ಅಳಿಲು, ಮುಳ್ಳುಹಂದಿಗಳನ್ನೊಳಗೊಂಡ ದಂಶಕಗಳ ಗಣಕ್ಕೆ ಸೇರಿದ ಇದರ ತೂಕ ಅರ್ಧ ಕಿಲೋಗ್ರಾಮಿನ ಆಸುಪಾಸು. ಅಳಿಲಿನ ಬಾಲ, ಮೊಲದ ಮೈ, ಇಲಿಯ ಮೀಸೆ, ಅಗಲವಾದ ತೆಳುಗಿವಿ, ಇಷ್ಟನ್ನೂ ಒಂದೆಡೆ ಕೂಡಿಸಿದರೆ ಅದರ ಚಿತ್ರ ಕಣ್ಣಿಗೆ ಕಟ್ಟೀತು. ಅದರ ತುಪ್ಪುಳವೇ ಅದರ ಕೀರ್ತಿಗೂ ಕೇಡಿಗೂ ಕಾರಣವಾಯಿತು. ನಮ್ಮ ತಲೆಯ ಒಂದು ರೋಮಕೂಪದಿಂದ ಒಂದೋ ಎರಡೋ ಮೂರೋ ಕೂದಲು ಹೊರಟರೆ, ಚಿಂಚಿಲ್ಲದ ಒಂದೇ ರೋಮಕೂಪದಿಂದ ಐವತ್ತಕ್ಕೂ ಮಿಕ್ಕಿ ನವಿರಾದ ಎಳೆಗಳು ಹೊರಡುತ್ತವೆ. ಆ ಚರ್ಮಕ್ಕಾಗಿ ನಡೆದ ಬೇಟೆಯಿಂದ ಪ್ರಾಣಿ ಅಳಿವಿನ ಅಂಚಿಗೆ ಬಂದಾಗ, ೧೯೧೦ರಲ್ಲಿ ಚಿಲಿ, ಅರ್ಜೆಂಟೀನ, ಬೊಲಿವಿಯ, ಪೆರು ದೇಶಗಳು ಕೂಡಿ ಬೇಟೆಯನ್ನು ತಡೆಯಲು ಒಪ್ಪಂದ ಮಾಡಿಕೊಂಡವು. ಚಿಲಿಯಲ್ಲಿ ಇದಕ್ಕೆಂದೇ ಒಂದು ರಕ್ಷಿತಾರಣ್ಯ ಏರ್ಪಟ್ಟುದು ಬಹು ತಡವಾಗಿ, ೧೯೮೩ರಲ್ಲಿ.

ಇದನ್ನು ಬೆಟ್ಟದಿಂದ ಕೆಳಗಿಳಿಸಿ ಸಾಕುಪ್ರಾಣಿಯಾಗಿಸಿದವನು ಚಿಲಿಯ ತಾಮ್ರದ ಗಣಿಯಲ್ಲಿ ಎಂಜಿನಿಯರನಾಗಿದ್ದ ಮಥಾಯಸ್ ಚಾಪ್ಮನ್ ಎಂಬ ಅಮೆರಿಕನ್ನನು. ೧೯೨೩ರಲ್ಲಿ ಅವನು ಹನ್ನೊಂದು ಚಿಂಚಿಲ್ಲಗಳನ್ನು ಕ್ಯಾಲಿಫೋರ್ನಿಯಕ್ಕೆ ಸಾಗಿಸಿದನು. ಬೆಟ್ಟದ ತಂಪಿಗೆ ಹುಟ್ಟಿದ ಪ್ರಾಣಿಗಳನ್ನು ಒಮ್ಮೆಗೇ ಸಮುದ್ರ ಮಟ್ಟಕ್ಕೆ ತಂದರೆ ಬದುಕಲಾರವೆಂದು ತಿಳಿದು, ತಿಂಗಳುಗಟ್ಟಲೆ ಕಾಲ ಹಂತಹಂತವಾಗಿ ಇಳಿಸಿದನು; ಹಡಗಿನಲ್ಲಿ ಪಂಜರಗಳನ್ನು ಮಂಜುಗಡ್ಡೆಯಿಂದ ತಂಪಾಗಿರಿಸಿದನು. ಇಂದು ಪ್ರಪಂಚದಲ್ಲಿ ಸಾಕಿರುವ ಚಿಂಚಿಲ್ಲಗಳ ಬಹುಪಾಲು ಆ ಹನ್ನೊಂದರ ಸಂತತಿಯೇ.

ಗಣಿಯ ನಾಡಾದ ಬಳ್ಳಾರಿಯ ವಿದ್ಯಾರ್ಥಿಗೆ ಈ ಕಥೆಯಲ್ಲಿ ಮುಖ್ಯವಾದುದು ಆ ಮಂಜುಗಡ್ಡೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಏಪ್ರಿಲ್, ಮೇ ತಿಂಗಳುಗಳ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸನ್ನು ಮುಟ್ಟುವುದೂ ದಾಟುವುದೂ ವಾಡಿಕೆಯ ಸಂಗತಿ. ಚಿಂಚಿಲ್ಲಕ್ಕೆ ಹಿತವಾದುದು ಸುಮಾರು ೧೦ರಿಂದ ೨೦ ಡಿಗ್ರಿ; ೨೭ ಡಿಗ್ರಿಯನ್ನು ಮೀರಿದರೆ ಅದರ ಪ್ರಾಣಕ್ಕೇ ಅಪಾಯ. ನಮ್ಮಂತೆ ಬೆವರಿ ಮೈಯನ್ನು ತಣಿಸಿಕೊಳ್ಳುವ ಉಪಾಯ ಅದಕ್ಕಿಲ್ಲ. ತುಪ್ಪುಳ ಒಳಗಿನ ಕಾವನ್ನು ಹೊರಗೆ ಬಿಡುವುದಿಲ್ಲ. ಕಾವು ಹೊರಹೋಗಲು ಮುಖ್ಯ ದಾರಿಯೆಂದರೆ ರಕ್ತನಾಳಗಳು ತುಂಬಿದ ಆ ತೆಳ್ಳನೆಯ ಕಿವಿಗಳು. ಸುತ್ತಲ ಗಾಳಿಯೇ ಮೈಗಿಂತ ಬಿಸಿಯಾದಾಗ ಕಿವಿ ತಾನೇ ಏನು ಮಾಡೀತು?

ಏರ್ ಕೂಲರ್ ಇಟ್ಟರೆ ಸಾಲದೇ ಎಂದು ಕೇಳಬಹುದು. ನೀರು ಆವಿಯಾಗುವಾಗ ಗಾಳಿಯಿಂದ ಶಾಖವನ್ನು ಹೀರುತ್ತದೆ. ಕೂಲರಿನ ತತ್ತ್ವವೇ ಅದು. ಬಳ್ಳಾರಿಯ ಒಣಗಾಳಿಯಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಆವಿಯಾದ ನೀರು ಎಲ್ಲಿಗೂ ಹೋಗದು, ಕೋಣೆಯ ಗಾಳಿಯಲ್ಲೇ ತೇವವಾಗಿ ಉಳಿಯುತ್ತದೆ. ಚಿಂಚಿಲ್ಲ ಸಾಕುವವರಲ್ಲಿ ಒಂದು ಸ್ಥೂಲವಾದ ಲೆಕ್ಕವಿದೆ: ಫ್ಯಾರನ್‌ಹೀಟಿನಲ್ಲಿ ಅಳೆದ ಉಷ್ಣತೆಯ ಅಂಕೆಗೆ ಗಾಳಿಯ ತೇವದ ಶೇಕಡ ಅಂಕೆಯನ್ನು ಕೂಡಿದರೆ ಮೊತ್ತ ೧೫೦ನ್ನು ಮುಟ್ಟಬಾರದು. ಕೂಲರು ಕೋಣೆಯನ್ನು ೮೦ ಡಿಗ್ರಿಗೆ ಇಳಿಸಿತೆನ್ನಿ. ಅಷ್ಟರಲ್ಲಿ ತೇವ ೭೫ಕ್ಕೆ ಏರಿದ್ದರೆ ಮೊತ್ತ ೧೫೫. ಉಳಿದುದು ಹವಾನಿಯಂತ್ರಕ ಯಂತ್ರ ಮಾತ್ರ. ಮಳೆಗಾಳಿಗೆ ಕಂಬವೊಂದು ಉರುಳಿ ವಿದ್ಯುತ್ತು ಎರಡು ಗಂಟೆ ನಿಂತರೆ ಅದೂ ಇಲ್ಲ. ಆದಕಾರಣ ಈ ಊರುಗಳಲ್ಲಿ ಚಿಂಚಿಲ್ಲವನ್ನು ಸಾಕಬಾರದೆಂಬುದೇ ನನ್ನ ಅಭಿಪ್ರಾಯ. ಅಂದಹಾಗೆ, ಅದು ನೀರಿನಲ್ಲಿ ಸ್ನಾನ ಮಾಡುವುದಿಲ್ಲ, ಅಗ್ನಿಪರ್ವತದ ನುಣುಪಾದ ಧೂಳಿನಲ್ಲಿ ಹೊರಳಾಡುತ್ತದೆ. ಸಂಡೂರಿನ ಕೆಂಪು ಧೂಳು ಅದಕ್ಕೆ ಬದಲಾಗದು!

ಆದರೂ ಚಿಂಚಿಲ್ಲದ ವಿಷಯವನ್ನು ಇಲ್ಲಿಗೇ ಕೈಬಿಡಬೇಕಾಗಿಲ್ಲ. ನಮ್ಮ ಊರುಗಳ ಮನೆಗಳಲ್ಲಿ ನಿಜವಾಗಿ ಸಾಕುವುದು ಬಿಳಿಯ ಸಾಕುಮೊಲವನ್ನು, ಅಪರೂಪಕ್ಕೆ ಗಿನಿ ಇಲಿಯನ್ನು. ಇವೂ ಹುಲ್ಲು ತಿಂದು ಬದುಕುವ, ಓಡಿ ಅಡಗಿ ಜೀವ ಉಳಿಸಿಕೊಳ್ಳುವ, ಬಿಸಿಲಿಗೆ ಬಾಡುವ ಪ್ರಾಣಿಗಳೇ. ಚಿಂಚಿಲ್ಲದ ಜೊತೆಗೆ ಯಾವ ಪ್ರಾಣಿ ಇರಬಹುದು, ಯಾವುದು ಕೂಡದು ಎಂದು ಪರದೇಶದ ಪಶುವೈದ್ಯರು ಕಂಡುಕೊಂಡ ಸಂಗತಿಗಳು ಬಹುಮಟ್ಟಿಗೆ ಇವಕ್ಕೂ ಸಲ್ಲುತ್ತವೆ.

ಮೊದಲನೆಯದಾಗಿ ನಾಯಿ, ಬೆಕ್ಕುಗಳ ಮಾತು. 'ನಮ್ಮ ನಾಯಿ ಬಹಳ ಸಾಧು, ಏನೂ ಮಾಡುವುದಿಲ್ಲ' ಎಂದು ಹೇಳುವವರುಂಟು. ನಾಯಿ ಏನೂ ಮಾಡದಿರಬಹುದು; ಮೊಲಕ್ಕೆ ಅದು ತಿಳಿಯುವ ಬಗೆ ಹೇಗೆ? ಬೇಟೆಯ ಪ್ರಾಣಿಗಳ ವಾಸನೆ ಬಂದೊಡನೆ ಇಂಥ ಜೀವಿಗಳ ರಕ್ತಕ್ಕೆ ಅಡ್ರಿನಲಿನ್ ಇಳಿಯುತ್ತದೆ. ಎದೆಬಡಿತ ಏರುತ್ತದೆ, ಕರುಳಿನ ಚಲನೆ ಕುಂದುತ್ತದೆ. ಕಾಡಿನಲ್ಲಾದರೆ ನಿಮಿಷಗಳಲ್ಲಿ ಓಟವೋ ಸಾವೋ ಆಗಿ ಅದು ಮುಗಿಯುತ್ತದೆ. ಪಂಜರದಲ್ಲಿ ಓಡಲು ಎಡೆಯಿಲ್ಲ, ವಾಸನೆಯೂ ಹೋಗುವುದಿಲ್ಲ. ಕರುಳು ಹೀಗೆ ಹೊತ್ತುಗಟ್ಟಲೆ ನಿಂತಿತೆಂದರೆ ಮೊಲ ಮೇವು ಬಿಡುತ್ತದೆ, ಹೊಟ್ಟೆಯುಬ್ಬರದಿಂದ ಸಾಯಲೂಬಹುದು. ಗಾಯವಿಲ್ಲದೆ ಸತ್ತ ಮೊಲವನ್ನು ಕಂಡು ಮನೆಯವರು 'ದೃಷ್ಟಿ ತಾಗಿತು' ಎನ್ನುತ್ತಾರೆ; ಪಕ್ಕದಲ್ಲಿ ಮಲಗಿದ್ದ ನಾಯಿಯ ಕಡೆಗೆ ಯಾರ ದೃಷ್ಟಿಯೂ ಹೋಗುವುದಿಲ್ಲ. ಚಿಂಚಿಲ್ಲವಂತೂ ಹೆದರಿದಾಗ ಹಿಡಿದ ಜಾಗದ ತುಪ್ಪುಳವನ್ನೇ ಕಳಚಿಕೊಟ್ಟು ಪಾರಾಗಲೆತ್ನಿಸುತ್ತದೆ.

ನಾಯಿಗಳಲ್ಲೂ ಭೇದವಿದೆ. ನಮ್ಮ ನಾಡಿನ ಹೆಮ್ಮೆಯಾದ ಮುಧೋಳದ ನಾಯಿ ಕಣ್ಣಿಂದ ಕಂಡು ಅಟ್ಟಿಸಿ ಹಿಡಿಯುವ ಜಾತಿ. ಓಡುವ ಮೊಲ ಅದರ ಹುಟ್ಟುಗುಣವನ್ನು ಕೆರಳಿಸದೆ ಇರದು. ಅಂಥ ನಾಯಿಯಿರುವ ಮನೆಗೆ ಮೊಲ ಬೇಡ. ಬೆಕ್ಕಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರ ಬಾಯಲ್ಲಿ ಪಾಶ್ಚುರೆಲ್ಲ ಎಂಬ ಬ್ಯಾಕ್ಟೀರಿಯ ಸಹಜವಾಗಿಯೇ ನೆಲಸಿರುತ್ತದೆ. ಸೂಜಿಯಂಥ ಹಲ್ಲು ನಾಟಿದ ತೂತು ಮೇಲೆ ಕಾಣದಿದ್ದರೂ ಒಳಗೆ ಕೀವು ಕಟ್ಟೀತು. ಬೆಕ್ಕು ಆಟಕ್ಕೆ ಕಚ್ಚಿತೆಂದು ಸುಮ್ಮನಿರದೆ ಅಂದೇ ಪಶುವೈದ್ಯರಿಗೆ ತೋರಿಸತಕ್ಕದ್ದು.

ಔಷಧಗಳಿಂದ ಬರುವ ಕೇಡನ್ನು ಬಹುಮಂದಿ ತಿಳಿದಿಲ್ಲ. ಚಿಂಚಿಲ್ಲ, ಗಿನಿ ಇಲಿ, ಮೊಲ ಇವು ಮೂರೂ ತಿಂದ ನಾರನ್ನು ಅಂಧನಾಳವೆಂಬ ದೊಡ್ಡ ಚೀಲದಲ್ಲಿ ಬ್ಯಾಕ್ಟೀರಿಯಗಳ ಸಹಾಯದಿಂದ ಹುದುಗಿಸಿ ಅರಗಿಸಿಕೊಳ್ಳುತ್ತವೆ. ನಾಯಿಗೆ ವೈದ್ಯರು ಕೊಟ್ಟ ಪೆನಿಸಿಲಿನ್ ವರ್ಗದ ಗುಳಿಗೆ ಮಿಕ್ಕಿತೆಂದು ಮೊಲಕ್ಕೆ ತಿನ್ನಿಸಿದರೆ ಉಪಕಾರಿಗಳಾದ ಬ್ಯಾಕ್ಟೀರಿಯಗಳು ಅಳಿದು, ವಿಷ ಉಗುಳುವ ಕ್ಲಾಸ್ಟ್ರಿಡಿಯಮ್ ಬೆಳೆಯುತ್ತದೆ. ಮದ್ದೇ ಮೃತ್ಯುವಾಗುತ್ತದೆ. ನಾಯಿಯ ಚಿಗಟ, ಉಣ್ಣೆಗಳಿಗೆ ಬಳಸುವ ಫಿಪ್ರೊನಿಲ್ ಕೂಡ ಹೀಗೆಯೇ: ನಾಯಿಗೆ ನಿರಪಾಯ, ಮೊಲಕ್ಕೆ ವಿಷ. ಔಷಧ ಹಚ್ಚಿದ ನಾಯಿಯ ಮೈಗೆ ಮೊಲ ಒರಗಿ, ಬಳಿಕ ತನ್ನ ಮೈಯನ್ನು ನೆಕ್ಕಿಕೊಂಡರೂ ಸಾಕು. ಇದೇ ಫಿಪ್ರೊನಿಲ್ ಭತ್ತದ ಪೈರಿಗೆ ಹೊಡೆಯುವ ಕೀಟನಾಶಕವೂ ಹೌದು. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಸಿರುಗುಪ್ಪದ ಕಡೆಯವರು ಗದ್ದೆಯ ಬದುವಿನ ಹುಲ್ಲನ್ನು ಕೊಯ್ದು ತರುವ ಮುನ್ನ ಅಲ್ಲಿ ಯಾವಾಗ ಏನು ಸಿಂಪಡಿಸಿದರೆಂದು ವಿಚಾರಿಸಬೇಕು. ಮನೆಯ ಹಿತ್ತಿಲಿನ ಗರಿಕೆ ಹುಲ್ಲನ್ನು ನೆರಳಲ್ಲಿ ಒಣಗಿಸಿಟ್ಟುಕೊಂಡರೆ ಈ ತೊಡಕೇ ಇಲ್ಲ.

ಸಿರುಗುಪ್ಪದ ಮನೆಗಳಿಗೆ ಕರೆಯದೆ ಬರುವ ನೆಂಟನೊಬ್ಬನಿದ್ದಾನೆ. ಅಕ್ಕಿ ಗಿರಣಿ, ಹುಲ್ಲಿನ ಬಣವೆ, ಗದ್ದೆಗಳಿರುವಲ್ಲಿ ಹೆಗ್ಗಣಕ್ಕೂ ಇಲಿಗೂ ಬರವಿಲ್ಲ. ಇವುಗಳ ಮೂತ್ರದಿಂದ ಲೆಪ್ಟೋಸ್ಪೈರ ಎಂಬ ರೋಗಾಣು ಹರಡುತ್ತದೆ. ಅದು ಮನುಷ್ಯನಿಗೂ ತಗಲುವ ಜ್ವರ. ಮೊಲದ ಗೂಡಿನಲ್ಲಿ ಚೆಲ್ಲಿದ ಕಾಳು ಇಲಿಯನ್ನು ಕರೆಯುತ್ತದೆ, ಇಲಿ ಹಾವನ್ನು ಕರೆಯುತ್ತದೆ. ಇಲಿಯನ್ನು ಕೊಲ್ಲಲಿಟ್ಟ ಪಾಷಾಣವನ್ನು ಮೊಲವೇ ಮೊದಲು ತಿಂದುಬಿಡುವುದೂ ಉಂಟು. ಆದುದರಿಂದ ಗೂಡು ನೆಲದಿಂದ ಮೂರಡಿ ಮೇಲಿರಬೇಕು, ಅದರ ಜಾಲಂಧ್ರ ಇಲಿ ನುಸುಳದಷ್ಟು ಸಣ್ಣ ಕಣ್ಣಿನದಾಗಿರಬೇಕು, ರಾತ್ರಿ ಉಳಿದ ಕಾಳನ್ನು ತೆಗೆದುಬಿಡಬೇಕು.

ಹಾಗಾದರೆ ಸಾಧುಪ್ರಾಣಿಗಳನ್ನೇ ಒಟ್ಟಿಗಿಟ್ಟರಾಯಿತಲ್ಲ ಎನ್ನಬಹುದು. ಮೊಲ, ಗಿನಿ ಇಲಿಗಳನ್ನು ಒಂದೇ ಗೂಡಿಗೆ ಹಾಕುವುದು ಬಹಳ ಕಡೆ ಕಾಣುವ ತಪ್ಪು. ಮೊಲದ ಮೂಗಿನಲ್ಲಿ ಬೋರ್ಡೆಟೆಲ್ಲ ಎಂಬ ಬ್ಯಾಕ್ಟೀರಿಯ ಯಾವ ರೋಗಲಕ್ಷಣವನ್ನೂ ತೋರದೆ ಇರಬಲ್ಲದು. ಅದೇ ಗಿನಿ ಇಲಿಯ ಶ್ವಾಸಕೋಶವನ್ನು ಹೊಕ್ಕರೆ ಮಾರಕವಾದ ನ್ಯುಮೋನಿಯ. ಮೊಲದ ಹಿಂಗಾಲಿನ ಒದೆತವನ್ನು ಗಿನಿ ಇಲಿ ತಾಳಲಾರದು. ಆಹಾರವೂ ಬೇರೆ. ಮನುಷ್ಯನಂತೆಯೇ ಗಿನಿ ಇಲಿಯ ದೇಹವೂ 'ಸಿ' ಜೀವಸತ್ತ್ವವನ್ನು ತಾನೇ ತಯಾರಿಸಿಕೊಳ್ಳಲಾರದು; ಮೊಲ, ಚಿಂಚಿಲ್ಲಗಳು ತಯಾರಿಸಿಕೊಳ್ಳಬಲ್ಲವು. ಮೊಲದ ಮೇವನ್ನೇ ತಿಂದ ಗಿನಿ ಇಲಿಗೆ ಕೆಲವು ವಾರಗಳಲ್ಲಿ ಸ್ಕರ್ವಿ ರೋಗ ಬರುತ್ತದೆ. ಚಿಂಚಿಲ್ಲಕ್ಕೆ ಹೊತ್ತಿನ ತೊಡಕು ಬೇರೆ. ಅದು ಹಗಲು ಮಲಗಿ ಮುಸ್ಸಂಜೆಯ ಮೇಲೆ ಏಳುವ ಪ್ರಾಣಿ. ಹಗಲೆಲ್ಲ ಗದ್ದಲ ಮಾಡುವ ನೆರೆಯವರು ಅದಕ್ಕೆ ನಿದ್ರೆಗೊಡರು.

ಅತ್ಯುತ್ತಮ ಸಂಗಾತಿಯೆಂದರೆ ತನ್ನ ಜಾತಿಯದೇ ಇನ್ನೊಂದು. ಆದರೆ ಎರಡು ಗಂಡು ಮೊಲಗಳು ಕಾದಾಡುತ್ತವೆ. ಗಂಡು ಹೆಣ್ಣನ್ನಿಟ್ಟರೆ ಗರ್ಭದ ಅವಧಿ ಸುಮಾರು ೩೧ ದಿನ; ಮರಿಹಾಕಿದ ದಿನವೇ ಮತ್ತೆ ಗರ್ಭ ಧರಿಸಬಲ್ಲದು, ಲೆಕ್ಕವನ್ನು ಓದುಗರೇ ಮಾಡಿಕೊಳ್ಳಲಿ. ಚಿಂಚಿಲ್ಲಕ್ಕಾದರೋ ೧೧೧ ದಿನ ಬೇಕು. ಅಕ್ಕತಂಗಿಯರಾದ ಎರಡು ಹೆಣ್ಣುಗಳು ಸಾಮಾನ್ಯವಾಗಿ ಹೊಂದಿಕೊಂಡು ಬಾಳುತ್ತವೆ.

ಕುರುಗೋಡಿನ ಗುಡ್ಡಗಳ ಸುತ್ತ ಓಡಾಡುವ ಕಾಡುಮೊಲವನ್ನು ಹಿಡಿದು ತಂದು ಜೊತೆಗೂಡಿಸುವ ಯೋಚನೆ ಯಾರಿಗೂ ಬಾರದಿರಲಿ. ಅದು ಸಾಕುಮೊಲದ ಕಾಡು ರೂಪವಲ್ಲ, ಬೇರೆ ಕುಲವೇ. ಸಾಕುಮೊಲ ಯೂರೋಪಿನ ಬಿಲಮೊಲದ ಸಂತತಿ, ಅದರ ಮರಿ ಕಣ್ಣುಮುಚ್ಚಿ ಬೆತ್ತಲೆಯಾಗಿ ಹುಟ್ಟುತ್ತದೆ. ನಮ್ಮ ಕಾಡುಮೊಲದ ಮರಿ ಕಣ್ಣು ತೆರೆದು, ಕೂದಲು ಹೊದ್ದು ಹುಟ್ಟುತ್ತದೆ. ಅದೂ ಅಲ್ಲದೆ ಕಾಡುಮೊಲ, ನಕ್ಷತ್ರ ಆಮೆ, ನಮ್ಮ ನಾಡಿನ ಹಸುರು ಗಿಳಿ ಇವೆಲ್ಲ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಹಿಡಿಯುವುದೂ ಸಾಕುವುದೂ ಅಪರಾಧ. ಪೇಟೆಯಲ್ಲಿ 'ಲವ್ ಬರ್ಡ್ಸ್' ಎಂದು ಮಾರುವ ಆಸ್ಟ್ರೇಲಿಯದ ಬಡ್ಜರಿಗರ್ ಹಕ್ಕಿಗಳಿಗೆ ಈ ತಡೆಯಿಲ್ಲ. ಬೇರೆ ಕೋಣೆಯಲ್ಲಿಟ್ಟರೆ ಅವು ಮೊಲಕ್ಕೆ ತೊಂದರೆ ಕೊಡವು.

ಇಷ್ಟೆಲ್ಲ ತೂಗಿ ನೋಡಿದರೆ, ಮೊಲವಿರುವ ಮನೆಗೆ ಎರಡನೆಯ ಪ್ರಾಣಿಯಾಗಿ ನಾನು ಸೂಚಿಸುವುದು ಮೀನನ್ನು. ವಾಸನೆಯಿಲ್ಲ, ಸದ್ದಿಲ್ಲ, ಒಂದರ ರೋಗ ಇನ್ನೊಂದಕ್ಕೆ ಅಂಟುವ ಭಯವೂ ಇಲ್ಲವೆನ್ನಬಹುದು. ಬಳ್ಳಾರಿಯ ಬೇಸಿಗೆ ಮಾತ್ರ ಇಲ್ಲಿಯೂ ಬೆನ್ನುಬಿಡದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ: ೨೦ ಡಿಗ್ರಿಯಲ್ಲಿ ಒಂದು ಲೀಟರ್ ನೀರಿಗೆ ಸುಮಾರು ೯ ಮಿಲಿಗ್ರಾಂ, ೩೫ ಡಿಗ್ರಿಯಲ್ಲಿ ಸುಮಾರು ೭. ಅದೇ ಹೊತ್ತಿಗೆ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ. ತಣ್ಣೀರಿನ ಹೊನ್ನಮೀನಿಗಿಂತ ಬೆಚ್ಚನೆಯ ನೀರಿನ ಗಪ್ಪಿ ಇಲ್ಲಿಗೆ ಒಪ್ಪುತ್ತದೆ. ಬಾಯಿ ಅಗಲವಾದ ತೊಟ್ಟಿಯನ್ನು ಆರಿಸಬೇಕು, ಏಕೆಂದರೆ ಗಾಳಿ ನೀರಿಗೆ ಸೇರುವುದು ಮೇಲ್ಮೈಯಿಂದ. ತೊಟ್ಟಿಯನ್ನು ಪಡುವಣ ಗೋಡೆಗೆ ಒತ್ತಿ ಇಡಬಾರದು. ಹಳೆಯ ಮಾಳಿಗೆ ಮನೆಯ ದಪ್ಪ ಮಣ್ಣುಗೋಡೆಯ ನಡುಮನೆಯಿದ್ದರೆ ಮೀನಿಗೂ ಮೊಲಕ್ಕೂ ಅದೇ ತಕ್ಕ ತಾಣ. ಮೊಲದ ಗೂಡಿನಲ್ಲಿ ಗ್ರಾನೈಟಿನ ಒಂದು ಚಪ್ಪಡಿಯನ್ನು ಹಾಸಿದರೆ ಮಧ್ಯಾಹ್ನ ಅದು ತಾನಾಗಿಯೇ ಅದರ ಮೇಲೆ ಹೊಟ್ಟೆಯೂರಿ ಮಲಗುತ್ತದೆ. ಗಪ್ಪಿಗಳು ಮರಿಯಿಟ್ಟು ತುಂಬಿಹೋದಾಗ ಅವನ್ನು ಗೆಳೆಯರಿಗೆ ಕೊಡಬಹುದು. ಕಾಲುವೆಗೋ ಹೊಳೆಗೋ ಬಿಡಕೂಡದು, ಅಲ್ಲಿನ ನಾಡಮೀನುಗಳ ಮೇವಿಗೂ ಮೊಟ್ಟೆಗೂ ಅವು ಪಾಲುಗಾರರಾಗುತ್ತವೆ.

ಮೀನನ್ನು ಬಿಟ್ಟು ಬೇರೆ ಯಾವ ಪ್ರಾಣಿಯನ್ನು ಹೊಸದಾಗಿ ತಂದರೂ ಒಂದು ತಿಂಗಳು ಬೇರೆ ಕೋಣೆಯಲ್ಲಿಡಬೇಕು. ಹಳೆಯದಕ್ಕೆ ಮೊದಲು ಮೇವು ಹಾಕಿ, ಹೊಸದರ ಬಳಿಗೆ ಕೊನೆಯಲ್ಲಿ ಹೋಗಿ, ಕೈಯನ್ನು ಸಾಬೂನಿನಿಂದ ತೊಳೆದುಕೊಳ್ಳಬೇಕು. ಸೀನು, ಭೇದಿ, ದುಂಡಗೆ ಕೂದಲುದುರಿದ ಹುಳುಕಡ್ಡಿಯ ಕಲೆ, ಇವುಗಳಲ್ಲೊಂದು ಕಂಡರೂ ಅದು ವಾಸಿಯಾಗುವ ತನಕ ತಿಂಗಳ ಎಣಿಕೆಯನ್ನು ಮೊದಲಿನಿಂದ ಆರಂಭಿಸತಕ್ಕದ್ದು.