ನೆಲದಡಿಯ ಯಂತ್ರ, ನೆಲದ ಮೇಲಿನ ಚಾಲಕ

ನೆಲದಾಳದ ಕಲ್ಲಿದ್ದಲು ಗಣಿಯಲ್ಲಿ ಯಂತ್ರವನ್ನು ದೂರದಿಂದ ನಡೆಸುವ ಆಲೋಚನೆ ಹೊಸತಲ್ಲ. ಬ್ರಿಟನ್ನಿನ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿ 1960ರ ದಶಕದಲ್ಲೇ ಇದಕ್ಕೆ ಕೈಹಾಕಿತ್ತು. ನಾಟಿಂಗ್‌ಹ್ಯಾಮ್‌ಶೈರ್‌ನ ಬೆವರ್‌ಕೋಟ್ಸ್ ಗಣಿ ಪೂರ್ಣ ಸ್ವಯಂಚಾಲಿತವೆಂದು ಆಗ ಹೆಸರಾಗಿತ್ತು. ಗುಂಡಿ ಒತ್ತಿದರೆ ಓಡುವ ಯಂತ್ರವನ್ನು ಅಂದಿನ ಎಂಜಿನಿಯರುಗಳು ಕಟ್ಟಬಲ್ಲವರಾಗಿದ್ದರು. ಆದರೆ ತಾನೆಲ್ಲಿದ್ದೇನೆ, ಯಾವ ಕಡೆಗೆ ವಾಲುತ್ತಿದ್ದೇನೆ ಎಂಬುದನ್ನು ಯಂತ್ರವೇ ಅರಿಯುವಂತೆ ಮಾಡುವ ಸಾಧನ ಅವರ ಕೈಯಲ್ಲಿರಲಿಲ್ಲ.

ಈ ಕೊರತೆ ಎಷ್ಟು ದೊಡ್ಡದೆಂಬುದು ‘ಲಾಂಗ್‌ವಾಲ್’ ವಿಧಾನವನ್ನು ನೋಡಿದರೆ ತಿಳಿಯುತ್ತದೆ. ಇನ್ನೂರು ಮುನ್ನೂರು ಮೀಟರ್ ಉದ್ದದ ಕಲ್ಲಿದ್ದಲಿನ ಗೋಡೆಯ ಮುಂದೆ ‘ಶಿಯರರ್’ ಎಂಬ ಯಂತ್ರ ಹಲ್ಲುಗಳುಳ್ಳ ಉರುಳೆಗಳನ್ನು ತಿರುಗಿಸುತ್ತ ಅತ್ತಿಂದಿತ್ತ ಚಲಿಸಿ ಕಲ್ಲಿದ್ದಲನ್ನು ಕತ್ತರಿಸುತ್ತದೆ. ಉದುರಿದ್ದನ್ನು ಸರಪಳಿಯ ಕನ್ವೇಯರ್ ಸಾಗಿಸುತ್ತದೆ. ಮೇಲಿನ ಬಂಡೆಯನ್ನು ಹೊತ್ತು ನಿಂತ ಹೈಡ್ರಾಲಿಕ್ ಆಸರೆಗಳು ಒಂದೊಂದಾಗಿ ಮುಂದೆ ಸರಿದಂತೆ ಹಿಂದಿನ ಚಾವಣಿ ಕುಸಿಯುತ್ತದೆ. ಈ ಸಾಲು ಸೊಟ್ಟಗಾದರೆ ಕನ್ವೇಯರ್ ಬಾಗಿ, ಸರಪಳಿಯ ಮೇಲೆ ಒತ್ತಡ ಬೀಳುತ್ತದೆ. ಹಿಂದೆ ಕಾರ್ಮಿಕರು ದೂಳಿನಲ್ಲಿ ನಿಂತು, ದಾರ ಹಿಡಿದು ಅದರ ನೇರವನ್ನು ನೋಡಬೇಕಿತ್ತು.

ಉಪಗ್ರಹದ ಸಂಕೇತ ಬಂಡೆಯನ್ನು ದಾಟಿ ಬರುವುದಿಲ್ಲ. ಆದ್ದರಿಂದ ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ, ಗಣಿ ಉದ್ಯಮದ ನೆರವಿನಿಂದ 2001ರಲ್ಲಿ ಆರಂಭವಾದ ಯೋಜನೆಯಲ್ಲಿ, ವಿಮಾನ ಮತ್ತು ಜಲಾಂತರ್ಗಾಮಿಗಳಲ್ಲಿ ಬಳಸುವ ಜಡತ್ವ ಸಂಚಾರ ವ್ಯವಸ್ಥೆಯನ್ನು ಶಿಯರರ್‌ಗೆ ಅಳವಡಿಸಿತು. ಹೊರಗಿನ ಯಾವ ಸಂಕೇತವನ್ನೂ ನೆಚ್ಚದೆ, ತಿರುವನ್ನೂ ವೇಗದ ಏರಿಳಿತವನ್ನೂ ತಾನೇ ಅಳೆದು ಸ್ಥಾನವನ್ನು ಲೆಕ್ಕಹಾಕುವ ಈ ಉಪಕರಣವನ್ನು, ಒಳಗೆ ಕಿಡಿ ಹಾರಿದರೂ ಹೊರಗಿನ ಮೀಥೇನ್ ಅನಿಲಕ್ಕೆ ತಾಗದಂತೆ, ದಪ್ಪ ಉಕ್ಕಿನ ಪೆಟ್ಟಿಗೆಯಲ್ಲಿ ಮುಚ್ಚಬೇಕಾಯಿತು. ಶಿಯರರ್ ನಡೆದ ಜಾಡನ್ನು ನೋಡಿ ಆಸರೆಗಳು ಸಾಲನ್ನು ತಾವೇ ನೇರಗೊಳಿಸಿಕೊಳ್ಳುವುದು ಇದರಿಂದ ಸಾಧ್ಯವಾಯಿತು. ಇದಾದ ಮೇಲೆ ಚಾಲಕನನ್ನು ಮೇಲಿನ ಕೊಠಡಿಗೆ ಕರೆತರುವುದು ಕ್ಯಾಮೆರಾ ಮತ್ತು ತಂತಿಗಳ ಮಾತಷ್ಟೇ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಅಳಿದೇಹೋಯಿತೆಂದು ನಂಬಲಾಗಿದ್ದ, ಕಲ್ಲಿದ್ದಲ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ 2015ರಲ್ಲಿ ಮತ್ತೆ ಪತ್ತೆಯಾದುದನ್ನು ನೆನೆದರೆ ಈ ತಂತ್ರದ ಬೆಲೆ ತಿಳಿಯುತ್ತದೆ. ಆದರೆ ಗೋಡೆಯ ಬಳಿ ಮನುಷ್ಯನ ಕೆಲಸ ಮುಗಿದಿಲ್ಲ. ದುರಸ್ತಿಗೆ, ಸಡಿಲವಾದ ಚಾವಣಿಯನ್ನು ಗಟ್ಟಿಗೊಳಿಸುವುದಕ್ಕೆ ಆತ ಇಳಿಯಲೇಬೇಕು. 2020ರ ಮೇ ತಿಂಗಳಲ್ಲಿ ಅದೇ ರಾಜ್ಯದ ಗ್ರೋಸ್ವೆನರ್ ಗಣಿಯಲ್ಲಿ ಮೀಥೇನ್ ಸ್ಫೋಟಿಸಿದಾಗ ಲಾಂಗ್‌ವಾಲ್‌ನಲ್ಲಿದ್ದ ಐವರು ಕಾರ್ಮಿಕರಿಗೆ ತೀವ್ರ ಸುಟ್ಟಗಾಯಗಳಾದವು. ಕಲ್ಲಿದ್ದಲಿನಿಂದ ಅನಿಲವನ್ನು ಮೊದಲೇ ಹೀರಿ ತೆಗೆಯುವ ಹಳೆಯ ಕೆಲಸಕ್ಕೆ ಯಾವ ಸ್ವಯಂಚಾಲನೆಯೂ ಬದಲಿಯಲ್ಲ.