ಲಾಸ್ಕೋ ಗುಹೆ : ಕತ್ತಲೆ ಕಾಯ್ದ ಚಿತ್ರಸಂಪತ್ತು

'ಗುಹೆ' ಎಂಬ ಶಬ್ದವು ಮರೆಮಾಡು ಎಂಬ ಅರ್ಥವುಳ್ಳ 'ಗುಹ್' ಎಂಬ ಸಂಸ್ಕೃತ ಧಾತುವಿನಿಂದ ನಿಷ್ಪನ್ನವಾದುದು. ಗುಹ್ಯ, ಗೂಢ ಎಂಬ ಶಬ್ದಗಳಿಗೂ ಅದೇ ಮೂಲ. ಉಪನಿಷತ್ತುಗಳ ಋಷಿಗಳು ಹೃದಯವನ್ನೇ ಗುಹೆಯೆಂದು ಕರೆದರು. ಅಲ್ಲಮಪ್ರಭುದೇವರ ವಚನಗಳ ಅಂಕಿತ 'ಗುಹೇಶ್ವರ' ಎಂಬುದು ಕನ್ನಡ ಬಲ್ಲವರೆಲ್ಲರಿಗೂ ತಿಳಿದ ವಿಷಯ. ಹರಿಹರನು ಪ್ರಭುದೇವರ ರಗಳೆಯಲ್ಲಿ ನಿರೂಪಿಸಿರುವ ಪ್ರಸಂಗವೂ ಇಲ್ಲಿ ಸ್ಮರಣೀಯವಾಗಿದೆ. ಕಾಮಲತೆಯ ಅಗಲಿಕೆಯಿಂದ ನೊಂದು ಅಲೆಯುತ್ತಿದ್ದ ಅಲ್ಲಮನು ಕಾಲ ಉಗುರಿನಿಂದ ನೆಲವನ್ನು ಕೆದಕುತ್ತಿರಲು ಹೊನ್ನ ಕಳಶವೊಂದು ತೋರಿತು. ಅಗೆದು ನೋಡಲು ಮಣ್ಣಿನಲ್ಲಿ ಹುದುಗಿದ್ದ ದೇಗುಲವೂ ಅದರೊಳಗೆ ಕರದಲ್ಲಿ ಲಿಂಗವನ್ನು ಹಿಡಿದು ಕುಳಿತ ಅನಿಮಿಷಯ್ಯನೂ ಕಂಡುಬಂದರು. ಲಿಂಗವು ಅಲ್ಲಮನ ಕೈಸೇರಿತು. ಅನಿಮಿಷಯ್ಯನ ಪ್ರಾಣವು ಆ ಕ್ಷಣದಲ್ಲೇ ಅಡಗಿತು. ಮುಚ್ಚಿದ್ದುದು ತೆರೆದಾಗ ಲಾಭವೊಂದೇ ಅಲ್ಲ, ನಷ್ಟವೂ ಉಂಟು ಎಂಬ ಸೂಕ್ಷ್ಮವು ಈ ಕಥೆಯಲ್ಲಿದೆ. ಇಪ್ಪತ್ತನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಗುಹೆಯೊಂದರಲ್ಲಿ ನಡೆದ ಸಂಗತಿಯು ಇದೇ ಸೂಕ್ಷ್ಮವನ್ನು ಬೇರೊಂದು ಬಗೆಯಲ್ಲಿ ಲೋಕಕ್ಕೆ ಕಲಿಸಿತು.

ಗುಹೆಗಳಲ್ಲಿ ಮನುಷ್ಯರು ಕೊರೆದವು, ಪ್ರಕೃತಿಯೇ ನಿರ್ಮಿಸಿದವು ಎಂದು ಎರಡು ಬಗೆ. ಬಾದಾಮಿ, ಅಜಂತಾಗಳವು ಮೊದಲನೆಯ ವರ್ಗಕ್ಕೆ ಸೇರುತ್ತವೆ. ಪ್ರಕೃತಿನಿರ್ಮಿತ ಗುಹೆಗಳಲ್ಲಿ ಬಹುಪಾಲು ಸುಣ್ಣಕಲ್ಲಿನ ಪ್ರದೇಶಗಳಲ್ಲಿ ಉಂಟಾದವು. ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡ್ ಎಂಬ ಅನಿಲವನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಆ ನೀರು ಬಂಡೆಯ ಬಿರುಕುಗಳಲ್ಲಿ ಇಳಿದು ಸುಣ್ಣಕಲ್ಲನ್ನು ಕಣಕಣವಾಗಿ ಕರಗಿಸುತ್ತದೆ. ಲಕ್ಷಾಂತರ ವರ್ಷಗಳಲ್ಲಿ ಬಿರುಕು ಬಿಲವಾಗಿ, ಬಿಲವು ಮಂದಿರದಷ್ಟು ವಿಶಾಲವಾಗುತ್ತದೆ. ಅಮೆರಿಕದ ಕೆಂಟಕಿ ಪ್ರಾಂತದ ಮ್ಯಾಮತ್ ಗುಹೆಯಲ್ಲಿ ಅಳೆದಿರುವ ಹಾದಿಯೇ 680 ಕಿಲೋಮೀಟರುಗಳನ್ನು ಮೀರಿದೆ. ಕರಗಿದ ಸುಣ್ಣವುಳ್ಳ ನೀರು ಗುಹೆಯ ಗಾಳಿಗೆ ಸೋಂಕಿದಾಗ ಅನಿಲವು ಬಿಟ್ಟುಹೋಗಿ ಸುಣ್ಣವು ಮತ್ತೆ ಕಲ್ಲಾಗಿ ಕೂಡುತ್ತದೆ. ಕರಗುವುದು, ಕೂಡುವುದು ಎಂಬ ಈ ಎರಡು ಕ್ರಿಯೆಗಳೂ ಗಾಳಿಯಲ್ಲಿರುವ ಅನಿಲ, ತೇವ, ಉಷ್ಣತೆಗಳ ಸಮತೋಲವನ್ನು ಅವಲಂಬಿಸಿವೆ ಎಂಬುದನ್ನು ಮುಂದಿನ ವಿಷಯಕ್ಕಾಗಿ ನೆನಪಿನಲ್ಲಿ ಇಡಬೇಕು.

ಇಂತಹ ಗುಹೆಗಳಲ್ಲಿ ಹಿಮಯುಗದ ಮಾನವನು ಚಿತ್ರಗಳನ್ನು ಬರೆದಿದ್ದನೆಂಬ ಸತ್ಯವನ್ನು ವಿದ್ವಾಂಸರು ಸುಲಭವಾಗಿ ಒಪ್ಪಲಿಲ್ಲ. 1879ರಲ್ಲಿ ಸ್ಪೇನ್ ದೇಶದ ಆಲ್ತಮೀರ ಗುಹೆಯಲ್ಲಿ ಸಾನ್ಸ್ ದೆ ಸೌತುವೊಲ ಎಂಬ ಸಂಶೋಧಕನು ನೆಲವನ್ನು ಅಗೆಯುತ್ತಿದ್ದಾಗ, ಜೊತೆಗೆ ಬಂದಿದ್ದ ಅವನ ಮಗಳು ಮರೀಯಾ ತಲೆಯೆತ್ತಿ ಚಾವಣಿಯ ಮೇಲಿದ್ದ ಕಾಡುಕೋಣಗಳ ಚಿತ್ರಗಳನ್ನು ಕಂಡಳು. ಮರುವರ್ಷವೇ ಅವನು ಅದನ್ನು ಪ್ರಕಟಿಸಿದನು. ಆದಿಮಾನವನಿಗೆ ಇಂತಹ ಕೌಶಲ ಎಲ್ಲಿಯದು ಎಂದು ಪಂಡಿತರು ಅಪಹಾಸ್ಯ ಮಾಡಿದರು. ಇದು ಕೃತ್ರಿಮವೆಂಬ ಅಪವಾದವೂ ಬಂದಿತು. ಆ ಕಳಂಕವನ್ನು ಹೊತ್ತೇ ಸೌತುವೊಲನು 1888ರಲ್ಲಿ ತೀರಿಕೊಂಡನು. ಫ್ರಾನ್ಸಿನ ಗುಹೆಗಳಲ್ಲಿಯೂ ಚಿತ್ರಗಳು ದೊರೆತ ಮೇಲೆ, ಪ್ರಬಲ ವಿರೋಧಿಯಾಗಿದ್ದ ಎಮಿಲ್ ಕಾರ್ತಾಯಾಕ್ ಎಂಬ ವಿದ್ವಾಂಸನು 1902ರಲ್ಲಿ ತನ್ನ ತಪ್ಪನ್ನು ಬರಹದ ಮೂಲಕವೇ ಒಪ್ಪಿಕೊಂಡನು. ಪಾಂಡಿತ್ಯವು ಕಾಣದುದನ್ನು ಬಾಲಿಕೆಯ ನಿಷ್ಕಲ್ಮಷ ದೃಷ್ಟಿಯು ಕಂಡಿತ್ತು.

ಲಾಸ್ಕೋ ಗುಹೆಯು ಬೆಳಕಿಗೆ ಬಂದುದೂ ಬಾಲಕರಿಂದಲೇ. ಫ್ರಾನ್ಸಿನ ನೈಋತ್ಯ ಭಾಗದಲ್ಲಿ ವೆಜೇರ್ ನದಿಯ ಕಣಿವೆಯಲ್ಲಿ ಮೋಂತಿನ್ಯಾಕ್ ಎಂಬ ಊರಿದೆ. ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸ್ ಸೋತ ಕೆಲವೇ ತಿಂಗಳುಗಳ ಬಳಿಕ, 1940ರ ಸೆಪ್ಟೆಂಬರ್ 12ರಂದು ಮಾರ್ಸೆಲ್ ರವಿದಾ, ಜಾಕ್ ಮಾರ್ಸಲ್, ಜಾರ್ಜ್ ಆನ್ಯೆಲ್, ಸಿಮೋನ್ ಕೋಎಂಕಾಸ್ ಎಂಬ ನಾಲ್ವರು ಆ ಊರಿನ ಸಮೀಪದ ಗುಡ್ಡದ ಬಿಲವೊಂದರಲ್ಲಿ ಇಳಿದರು. ದೀಪದ ಮಂದಪ್ರಕಾಶದಲ್ಲಿ ಗೋಡೆಗಳ ತುಂಬ ಕುದುರೆ, ವೃಷಭ, ಜಿಂಕೆಗಳು ಓಡುತ್ತಿರುವಂತೆ ತೋರಿದುವು. ಕೆಲವು ದಿನಗಳಲ್ಲಿಯೇ ಕ್ರೈಸ್ತ ಪಾದ್ರಿಯೂ ಗುಹಾಚಿತ್ರಗಳ ಮಹಾವಿದ್ವಾಂಸನೂ ಆಗಿದ್ದ ಹೆನ್ರಿ ಬ್ರೂಯಿ ಬಂದು ನೋಡಿ, ಅವು ಹಿಮಯುಗದವೇ ಎಂದು ನಿರ್ಣಯಿಸಿದನು.

ಆ ಚಿತ್ರಗಳ ವಯಸ್ಸನ್ನು ಸಾಮಾನ್ಯವಾಗಿ 17000 ವರ್ಷಗಳಿಗೂ ಅಧಿಕವೆಂದು ಎಣಿಸುತ್ತಾರೆ. ಸುಮಾರು 600 ವರ್ಣಚಿತ್ರಗಳೂ 1500ರಷ್ಟು ಗೀರುಚಿತ್ರಗಳೂ ಅಲ್ಲಿವೆ. ವೃಷಭಗಳ ಮಂಟಪವೆಂದು ಹೆಸರಾದ ಭಾಗದಲ್ಲಿ ಒಂದು ವೃಷಭದ ಚಿತ್ರವೇ ಐದು ಮೀಟರುಗಳಿಗಿಂತ ಉದ್ದವಾಗಿದೆ. ಕಬ್ಬಿಣದ ಆಕ್ಸೈಡುಳ್ಳ ಕೆಂಪು, ಹಳದಿ ಮಣ್ಣುಗಳೂ ಮ್ಯಾಂಗನೀಸಿನ ಕಪ್ಪು ಖನಿಜವೂ ಬಣ್ಣಗಳಾಗಿದ್ದುವು. ಪ್ರಾಣಿಗಳ ಕೊಬ್ಬನ್ನು ಉರಿಸುವ ಕಲ್ಲಿನ ಹಣತೆಗಳು ಗುಹೆಯಲ್ಲಿ ದೊರೆತಿವೆ. ಎತ್ತರದಲ್ಲಿ ಬರೆಯಲು ಅಟ್ಟಣೆ ಕಟ್ಟಿದ್ದರೆಂಬುದಕ್ಕೆ ಗೋಡೆಯ ರಂಧ್ರಗಳೇ ಸಾಕ್ಷಿ. ಆ ಜನರು ಮುಖ್ಯವಾಗಿ ಹಿಮಸಾರಂಗವನ್ನು ತಿಂದು ಬದುಕಿದರೆಂದು ಅಲ್ಲಿಯ ಎಲುಬುಗಳಿಂದ ತಿಳಿಯುತ್ತದೆ; ಆದರೆ ಚಿತ್ರಗಳಲ್ಲಿ ಹಿಮಸಾರಂಗವು ಒಂದೇ ಒಂದು. ಹೊಟ್ಟೆಗೆ ಬೇಕಾದುದೇ ಅವರ ಮನಸ್ಸನ್ನು ತುಂಬಿದುದಾಗಿದ್ದರೆ ಚಿತ್ರಗಳೂ ಅದನ್ನೇ ತೋರಿಸುತ್ತಿದ್ದುವು. ಊರ ಬೆಳಕನ್ನು ಬಿಟ್ಟು ಕತ್ತಲೆಯ ಗರ್ಭಕ್ಕೆ ದೀಪ ಹೊತ್ತು ಇಳಿದ ಆ ಮಾನವನಲ್ಲಿ ಅನ್ನಮಯವನ್ನು ಮೀರಿದ ಯಾವುದೋ ಹಂಬಲವು ಆಗಲೇ ಎಚ್ಚತ್ತಿತ್ತು.

ಇಷ್ಟು ಸಾವಿರ ವರ್ಷಗಳ ಕಾಲ ಈ ಬಣ್ಣಗಳು ಮಾಸದೆ ಉಳಿದುದು ಹೇಗೆ? ಗುಹೆಯ ಬಾಯಿ ಕುಸಿದು ಮುಚ್ಚಿಹೋಗಿತ್ತು. ಮುಖ್ಯ ಮಂಟಪದ ಮೇಲೆ ನೀರನ್ನು ಇಳಿಯಗೊಡದ ಜೇಡಿಮಣ್ಣಿನ ಪದರವಿತ್ತು. ಬೆಳಕಿಲ್ಲದುದರಿಂದ ಪಾಚಿ ಬೆಳೆಯಲಿಲ್ಲ. ಉಷ್ಣತೆಯು ಏರುಪೇರಾಗದುದರಿಂದ ಸುಣ್ಣವು ಕರಗಲೂ ಇಲ್ಲ, ಹೆಪ್ಪುಗಟ್ಟಲೂ ಇಲ್ಲ. ಕತ್ತಲೆಯೇ ಅಲ್ಲಿ ಕಾವಲುಗಾರನಾಗಿತ್ತು.

1948ರಲ್ಲಿ ಗುಹೆಯನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ಅದಕ್ಕಾಗಿ ಬಾಗಿಲನ್ನು ಅಗಲಗೊಳಿಸಿ, ನೆಲವನ್ನು ತಗ್ಗಿಸಿ, ವಿದ್ಯುದ್ದೀಪಗಳನ್ನು ಅಳವಡಿಸಿದರು. 1955ರ ವೇಳೆಗೆ ದಿನಕ್ಕೆ ಸಾವಿರಕ್ಕೂ ಅಧಿಕ ಜನರು ಬರತೊಡಗಿದರು. ಬಂದವರಲ್ಲಿ ಯಾರೂ ದುರುದ್ದೇಶದವರಲ್ಲ. ಬೆರಗಿನಿಂದಲೂ ಗೌರವದಿಂದಲೂ ನಿಂತು ನೋಡಿದವರು. ಆದರೆ ಅವರು ಉಸಿರಾಡಿದರು. ಪ್ರತಿಯೊಂದು ಉಸಿರಿನಲ್ಲಿಯೂ ಇಂಗಾಲದ ಡೈ ಆಕ್ಸೈಡೂ ನೀರಾವಿಯೂ ಹೊರಬಂದುವು. ಪ್ರತಿಯೊಬ್ಬರ ಮೈಯ ಶಾಖವು ಗುಹೆಯ ಗಾಳಿಯನ್ನು ಬೆಚ್ಚಗಾಗಿಸಿತು. ಸುಣ್ಣಕಲ್ಲನ್ನು ಕರಗಿಸಿ ಗುಹೆಯನ್ನು ನಿರ್ಮಿಸಿದ ಅದೇ ರಾಸಾಯನಿಕ ಕ್ರಿಯೆಯು ಈಗ ಚಿತ್ರಗಳಿದ್ದ ಗೋಡೆಯ ಮೇಲೆ ಆರಂಭವಾಯಿತು. ಆವಿಯು ತಣ್ಣನೆಯ ಬಂಡೆಗೆ ತಾಗಿ ಆಮ್ಲೀಯ ಹನಿಗಳಾಯಿತು. ದೀಪಗಳ ಬೆಳಕಿನಲ್ಲಿ ಪಾಚಿಯು ಬೆಳೆದು ಹಸುರು ಚುಕ್ಕೆಗಳು ಮೂಡಿದುವು. ಸುಣ್ಣದ ಹರಳುಗಳು ಕೂಡಿ ಬಿಳಿಯ ತೆರೆ ಕವಿಯತೊಡಗಿತು. ಗಾಳಿಯನ್ನು ಶುದ್ಧಗೊಳಿಸುವ ಯಂತ್ರಗಳನ್ನು ಇರಿಸಿದರೂ ರೋಗವು ನಿಲ್ಲಲಿಲ್ಲ. ಸಹಸ್ರಾರು ವರ್ಷಗಳ ಕಾಲವು ಅಳಿಸದಿದ್ದುದನ್ನು ಹದಿನೈದು ವರ್ಷಗಳ ದರ್ಶನವು ಅಳಿಸುವ ಸ್ಥಿತಿ ಬಂದಿತು.

1963ರ ಏಪ್ರಿಲಿನಲ್ಲಿ, ಫ್ರಾನ್ಸಿನ ಸಂಸ್ಕೃತಿ ಸಚಿವನೂ ಪ್ರಸಿದ್ಧ ಸಾಹಿತಿಯೂ ಆಗಿದ್ದ ಆಂದ್ರೆ ಮಾಲ್ರೋ ಗುಹೆಯನ್ನು ಮುಚ್ಚಿಸಿದನು. ಕಲೆಯು ಎಲ್ಲರಿಗೂ ಸಲ್ಲಬೇಕೆಂದು ನಂಬಿದ್ದ ವ್ಯಕ್ತಿಯೇ ಕಲೆಯ ಹಿರಿಯ ನಿಧಿಯೊಂದಕ್ಕೆ ಬೀಗ ಹಾಕಿಸಬೇಕಾಯಿತು. ಅಷ್ಟರಿಂದಲೂ ಗಾಯವು ಪೂರ್ಣವಾಗಿ ಮಾಯಲಿಲ್ಲ. 2001ರಲ್ಲಿ ಬಿಳಿಯ ಶಿಲೀಂಧ್ರವು ಹಠಾತ್ತನೆ ಹಬ್ಬಿತು. ಬಳಿಕ ಕಪ್ಪು ಕಲೆಗಳೂ ಕಾಣಿಸಿಕೊಂಡುವು. ಒಮ್ಮೆ ಕದಡಿದ ಸಮತೋಲವನ್ನು ಬಾಗಿಲು ಮುಚ್ಚಿದ ಮಾತ್ರಕ್ಕೆ ಮರಳಿ ಪಡೆಯಲಾಗದು ಎಂಬುದು ಇದರಿಂದ ಸಿದ್ಧವಾಗುತ್ತದೆ.

ಹಾಗಾದರೆ ಕಾಣಲಾಗದ ಚಿತ್ರದಿಂದ ಪ್ರಯೋಜನವೇನು? ಹೂಳಿಟ್ಟ ಧನದಂತೆ ಅದು ವ್ಯರ್ಥವಲ್ಲವೇ? ಈ ಆಕ್ಷೇಪವು ಸಹಜವಾದುದೇ. ಇದಕ್ಕೆ ಫ್ರಾನ್ಸಿನ ಜನರು ಕಂಡುಕೊಂಡ ಪರಿಹಾರವು ಪರಿಶ್ರಮದ್ದು. ಮೂಲ ಗುಹೆಯ ಸಮೀಪದಲ್ಲಿಯೇ ಅದರ ಮುಖ್ಯ ಭಾಗಗಳ ಪ್ರತಿರೂಪವನ್ನು ರಚಿಸಿ 1983ರಲ್ಲಿ ತೆರೆದರು. ಮೊನೀಕ್ ಪೆಯ್ತ್ರಾಲ್ ಎಂಬ ಕಲಾವಿದೆಯು ಅದರ ಚಿತ್ರಗಳಿಗಾಗಿ ಅನೇಕ ವರ್ಷಗಳನ್ನು ಸವೆಸಿದಳು. 2016ರಲ್ಲಿ ಇನ್ನೂ ವಿಸ್ತಾರವಾದ ಪ್ರತಿರೂಪವು ಸಿದ್ಧವಾಯಿತು. 1994ರ ಡಿಸೆಂಬರಿನಲ್ಲಿ ಅದೇ ದೇಶದ ಆರ್ದೇಶ್ ಪ್ರಾಂತದಲ್ಲಿ ಶೋವೆ ಗುಹೆಯು ಪತ್ತೆಯಾದಾಗ ಲಾಸ್ಕೋದ ಪಾಠವು ಫಲಿಸಿತು. ಸಿಂಹ, ಖಡ್ಗಮೃಗ, ಕರಡಿಗಳ ಅಲ್ಲಿಯ ಚಿತ್ರಗಳಲ್ಲಿ ಕೆಲವು ಸುಮಾರು 36000 ವರ್ಷಗಳಷ್ಟು ಹಳೆಯವು. ಅಂದರೆ ಲಾಸ್ಕೋದ ಚಿತ್ರಕಾರರಿಗೂ ಅವು ಪುರಾತನವಾಗಿದ್ದುವು. ಆ ಗುಹೆಯನ್ನು ಸಾರ್ವಜನಿಕರಿಗೆ ಒಂದು ದಿನವೂ ತೆರೆಯಲಿಲ್ಲ. ಜನರ ವೀಕ್ಷಣೆಗೆ 2015ರಲ್ಲಿ ಪ್ರತಿರೂಪವನ್ನೇ ಒದಗಿಸಿದರು.

ನೋಡುವ ಹಂಬಲವು ಪವಿತ್ರವಾದುದೇ ಆದರೂ ನೋಟಕ್ಕೂ ಒಂದು ಹೊಣೆಯಿದೆ ಎಂಬುದೇ ಈ ವೃತ್ತಾಂತದ ಸಾರ. ಮುಂದೆ ಬರುವವರಿಗಾಗಿ ತನ್ನ ದರ್ಶನವನ್ನು ತಾನೇ ಬಿಟ್ಟುಕೊಡುವುದೂ ಒಂದು ಬಗೆಯ ಅರ್ಪಣೆ. ಕನ್ನಡ ನಾಡಿಗೆ ಈ ಮಾತು ದೂರದ್ದಲ್ಲ. ಬಾದಾಮಿಯ ಮೂರನೆಯ ಗುಹಾಲಯದಲ್ಲಿ 578ರ ಶಾಸನವಿದೆ. ಅಲ್ಲಿ ಪ್ರಾಚೀನ ವರ್ಣಚಿತ್ರಗಳ ಅಲ್ಪ ಅವಶೇಷಗಳಷ್ಟೇ ಉಳಿದಿವೆ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನವಿದೆ. ಶ್ರೀಶೈಲದ ಅಡವಿಯ ಗುಹೆಯೊಂದು ಅಕ್ಕಮಹಾದೇವಿಯವರ ತಪಸ್ಸಿನ ಸ್ಥಾನವೆಂದು ಭಕ್ತರು ನಂಬಿ ಅಲ್ಲಿಗೆ ತೆರಳುತ್ತಾರೆ. ಇಂತಹ ತಾಣಗಳಲ್ಲಿ ಗೋಡೆಯ ಮೇಲೆ ಹೆಸರನ್ನು ಕೆತ್ತುವ ಕೈ, ಎಣ್ಣೆ ಸವರುವ ಬೆರಳು, ಕರ್ಪೂರದ ಮಸಿ, ಸುಣ್ಣ ಬಳಿಯುವ ಉತ್ಸಾಹ ಇವೆಲ್ಲವೂ ಭಕ್ತಿಯ ಹೆಸರಿನಲ್ಲಿಯೇ ಭಕ್ತಿಯ ಆಧಾರವನ್ನು ಸವೆಸುತ್ತವೆ. ಬರಿಯ ಉಸಿರೇ ಲಾಸ್ಕೋದಲ್ಲಿ ಅಷ್ಟು ಹಾನಿ ಮಾಡಿದ ಮೇಲೆ ಉಳಿದುವುಗಳ ವಿಷಯವನ್ನು ವಿವರಿಸಬೇಕಾಗಿಲ್ಲ.

ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿಯನ್ನು ನೆಲೆಗೊಳಿಸುವ ಶಿವಯೋಗಿಗೆ ನೋಟವೆಂದರೆ ವಸ್ತುವನ್ನು ತನ್ನದಾಗಿಸಿಕೊಳ್ಳುವುದಲ್ಲ, ತನ್ನನ್ನು ಅದಕ್ಕೆ ಒಪ್ಪಿಸುವುದು. ಆ ನೋಟವನ್ನು ಅಭ್ಯಾಸ ಮಾಡಿದವನು ಯಾವ ಗುಹೆಯ ಬಾಗಿಲಲ್ಲಿಯೂ ಒಂದು ಕ್ಷಣ ನಿಂತು, ತನ್ನ ಪ್ರವೇಶದಿಂದ ಒಳಗಿರುವುದಕ್ಕೆ ಏನಾಗುವುದೆಂದು ವಿಚಾರಿಸಿಕೊಳ್ಳುತ್ತಾನೆ. ಒಳಗೆ ಕಾಲಿಡುವುದು ತಕ್ಕುದಲ್ಲವೆಂದು ತಿಳಿದಾಗ ಹೊರಗಿನಿಂದಲೇ ಕೈಮುಗಿದು ಮರಳುತ್ತಾನೆ.